ಪಿಯಾನೊ ಯಾಕೆ ಅಷ್ಟು ದುಬಾರಿ? ಒಳಗಿನ ಬೀಡು ಕಬ್ಬಿಣ ನೋಡಿ

"ಮರದ ಪೆಟ್ಟಿಗೆ, ನಾಲ್ಕು ತಂತಿ. ಇದಕ್ಕೆ ಲಕ್ಷಗಟ್ಟಲೆ ಖರ್ಚು ಎಲ್ಲಿಂದ ಬರುತ್ತದೆ?" ಅಂತ ಕೇಳಿದ್ದೀರಿ. ತಂತಿಗಳೇ ಸುಮಾರು 230 ಇರುತ್ತವೆ. ಆದರೆ ನಾನು ಹೇಳಬೇಕಾದ್ದು ಅವು ಕೂತಿರುವ ಬೀಡು ಕಬ್ಬಿಣದ ಬಗ್ಗೆ.

ನಾನು ಬೆಳಗಾವಿಯ ಉದ್ಯಮಬಾಗದಲ್ಲಿ ಫೌಂಡ್ರಿ ಕೆಲಸ, ಅಂದರೆ ಕಬ್ಬಿಣ ಕರಗಿಸಿ ಅಚ್ಚಿಗೆ ಹೊಯ್ಯುವ ಕೆಲಸ ಮಾಡುತ್ತೇನೆ. ಒಮ್ಮೆ ಊರಿನ ಕ್ಯಾಂಪ್ ಪ್ರದೇಶದ ಒಂದು ಮನೆಯಲ್ಲಿ ಹಳೇ ಪಿಯಾನೊಗೆ ಶ್ರುತಿ ಮಾಡಲು ಮುಂದಿನ ಹಲಗೆ ತೆಗೆದಿದ್ದರು. ಒಳಗೆ ಬಂಗಾರದ ಬಣ್ಣ ಬಳಿದ ಎದೆಯೆತ್ತರದ ಎರಕದ ಫ್ರೇಮ್. ಕೈಯಾಡಿಸಿ ನೋಡಿದೆ. ಮೂಲೆಗಳೆಲ್ಲ ದುಂಡಗೆ. ಚೂಪು ಮೂಲೆ ಬಿಟ್ಟರೆ ಬಿರುಕು ಅಲ್ಲಿಂದಲೇ ಶುರು, ಅಲ್ವಾ? ಎಲ್ಲ ತಂತಿ ಸೇರಿ ಆ ಫ್ರೇಮನ್ನು 18ರಿಂದ 20 ಟನ್ ಬಲದಲ್ಲಿ ಎಳೆಯುತ್ತಲೇ ಇರುತ್ತವೆ, ಹಗಲೂ ರಾತ್ರಿ.

ಕಬ್ಬಿಣ ಕಿಲೋ ಲೆಕ್ಕದಲ್ಲಿ ಅಗ್ಗವೇ. ದುಡ್ಡು ಹೋಗುವುದು ಕೆಲಸಕ್ಕೆ. ಅಗಲ ಜಾಸ್ತಿ, ದಪ್ಪ ಕಡಿಮೆ ಇರುವ ಎರಕ ತಣಿಯುವಾಗ ಸೊಟ್ಟಗಾಗುತ್ತದೆ. ಅವಸರಪಟ್ಟು ಬಿಸಿ ಇರುವಾಗಲೇ ಮರಳಿನ ಅಚ್ಚು ಒಡೆದರೆ ಒಳಗೆ ಒತ್ತಡ ಉಳಿದುಬಿಡುತ್ತದೆ. ಕಾಯಲೇಬೇಕು. ಇಷ್ಟಾಗಿಯೂ ಆಯಕಟ್ಟಿನ ಜಾಗದಲ್ಲಿ ಒಂದು ಗಾಳಿಗುಳ್ಳೆ ಸಿಕ್ಕರೆ ಪೂರ್ತಿ ಪೀಸ್ ರಿಜೆಕ್ಟ್, ಮತ್ತೆ ಭಟ್ಟಿಗೆ. ಆ ನಷ್ಟವನ್ನೂ ಚೆನ್ನಾಗಿ ಬಂದ ಪೀಸಿನ ಮೇಲೆಯೇ ಹಾಕಬೇಕಾಗುತ್ತದೆ.

ಮರದ್ದೂ ಅದೇ ಕಥೆ. ನಾದ ಕೊಡುವ ಹಲಗೆಗೆ ಸ್ಪ್ರೂಸ್ ಮರ ಬೇಕು, ಗಂಟಿಲ್ಲದೆ, ನೇರ ಎಳೆಯದ್ದು. ಆರಿಸಿ ತಿಂಗಳುಗಟ್ಟಲೆ ಒಣಗಿಸುತ್ತಾರೆ. ಅಷ್ಟು ದಿನ ಹಾಕಿದ ಬಂಡವಾಳ ಸುಮ್ನೆ ಕೂತಿರುತ್ತದೆ. ಸ್ಟೈನ್‌ವೇ ಕಂಪನಿಯ ಒಂದು ಗ್ರ್ಯಾಂಡ್ ಪಿಯಾನೊದಲ್ಲಿ 12,000ಕ್ಕೂ ಹೆಚ್ಚು ಬಿಡಿಭಾಗ, ತಯಾರಾಗಲು ಸುಮಾರು ಒಂದು ವರ್ಷ. ಯಂತ್ರದಲ್ಲೇ ಹೆಚ್ಚು ಕೆಲಸ ಮುಗಿಸುವ ಕಾರ್ಖಾನೆಗಳ ಪಿಯಾನೊ ಅಗ್ಗವಾಗುವುದು ಇದಕ್ಕೇ.

ಕೊನೆಯ ಕೆಲಸ ಮಾತ್ರ ಕೈಯದ್ದೇ. ತಂತಿಗೆ ಬಡಿಯುವ 88 ಸುತ್ತಿಗೆಗಳ ತಲೆಗೆ ಉಣ್ಣೆಯ ಫೆಲ್ಟ್ ಇರುತ್ತದೆ. ಅವತ್ತು ಶ್ರುತಿ ಮಾಡುವವರು ಒಂದು ಸುತ್ತಿಗೆಯ ಫೆಲ್ಟಿಗೆ ಸೂಜಿಯಿಂದ ನಾಲ್ಕೈದು ಸಲ ಚುಚ್ಚಿದರು. ಕೀ ಒತ್ತಿದರು. ಕರ್ಕಶವಾಗಿದ್ದ ಸ್ವರ ಮೆತ್ತಗಾಗಿತ್ತು! ಕಾರ್ಖಾನೆಯಲ್ಲೂ ಒಂದೊಂದನ್ನೇ ಹೀಗೆ ಚುಚ್ಚಿ, ಕೇಳಿ ನೋಡಬೇಕು. ಹೊಸ ತಂತಿ ಹಿಗ್ಗುತ್ತಲೇ ಇರುವುದರಿಂದ ಹೊರಗೆ ಕಳಿಸುವ ಮುಂಚೆ ಹಲವು ಸಲ ಶ್ರುತಿ ಮಾಡಬೇಕು. ಆ ಮನೆಯಲ್ಲಿ ಒಂದು ಸಲಕ್ಕೇ ಅವರು ಬೆಳಗಿನ ಚಹಾದಿಂದ ಮಧ್ಯಾಹ್ನದ ಊಟದವರೆಗೆ ಕೂತಿದ್ದರು.