ಸಾಹುಕಾರರಿಗೆ ಸೈಬರ್ ಅಪಾಯ ಹೇಳುವುದು ಹೇಗೆ?

ಪ್ರಶ್ನೆ: ದಾವಣಗೆರೆಯ ಎಪಿಎಂಸಿ ಹತ್ತಿರ ಮೆಕ್ಕೆಜೋಳದ ವ್ಯಾಪಾರ ಮಾಡುವ ಸಂಸ್ಥೆಯೊಂದರಲ್ಲಿ ಕಂಪ್ಯೂಟರ್ ಕೆಲಸವನ್ನೆಲ್ಲ ನಾನೇ ನೋಡಿಕೊಳ್ಳುತ್ತೇನೆ. ರ‍್ಯಾನ್ಸಮ್‌ವೇರ್, ಡೀಪ್‌ಫೇಕ್ ಅಂತ ಹೊಸ ಅಪಾಯಗಳ ಬಗ್ಗೆ ಸ್ಲೈಡ್ ಮಾಡಿ ಸಾಹುಕಾರರಿಗೆ ತೋರಿಸಿದೆ. ಐದು ನಿಮಿಷ ನೋಡಿ, "ನಮ್ಮಂಥವರ ಹತ್ರ ಏನಿದೆ ಅಂತ ಕದೀತಾರೆ, ಬಿಡಪ್ಪಾ" ಅಂದರು. ಅವರಿಗೆ ನಾಟುವ ಹಾಗೆ ಹೇಳುವುದು ಹೇಗೆ?
ಹೆಸರು ಬೇಡ, ದಾವಣಗೆರೆ

ಉತ್ತರ: ಅವರು ಕೇಳಿದ್ದು ಒಳ್ಳೆಯ ಪ್ರಶ್ನೆ. ಮೊದಲು ಅದಕ್ಕೇ ಉತ್ತರ ಕೊಡಿ. ನಿಮ್ಮ ಟ್ಯಾಲಿ ಲೆಕ್ಕ ಕಳ್ಳನಿಗೆ ಬೇಕಾಗಿಲ್ಲ, ನಿಮಗೆ ಬೇಕು. ಅದಕ್ಕೇ ಅವನು ಅದನ್ನು ಕದಿಯುವ ಬದಲು ಬೀಗ ಹಾಕಿ, ಬೀಗದ ಕೈಗೆ ದುಡ್ಡು ಕೇಳುತ್ತಾನೆ. ರ‍್ಯಾನ್ಸಮ್‌ವೇರ್ ಅಂದರೆ ಇಷ್ಟೇ. ಇನ್ನು ನಿಮ್ಮನ್ನೇ ಹುಡುಕಿಕೊಂಡು ಯಾರೂ ಬರಬೇಕಿಲ್ಲ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಅನ್ನುವ ಪ್ರೋಗ್ರಾಂ ಜಗತ್ತಿನ ತುಂಬ ಹರಡಿತಲ್ಲ, ಅದು ತಾನೇ ಒಂದು ಮಷೀನ್‌ನಿಂದ ಇನ್ನೊಂದಕ್ಕೆ ದಾಟಿಕೊಂಡು ಹೋಯಿತು, ದೊಡ್ಡ ಕಂಪನಿಯೋ ಸಣ್ಣ ಅಂಗಡಿಯೋ ಅಂತ ನೋಡಲಿಲ್ಲ. ಅದನ್ನು ತಡೆಯುವ ವಿಂಡೋಸ್ ಅಪ್‌ಡೇಟ್ ಅನ್ನು ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಕೊಟ್ಟಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು.

ಸ್ಲೈಡ್ ಬಿಟ್ಟುಬಿಡಿ. ಮಧ್ಯಾಹ್ನ ವ್ಯಾಪಾರ ಸ್ವಲ್ಪ ತಣ್ಣಗಾದಾಗ ಒಂದು ಹಾಳೆ, ಒಂದು ಪೆನ್ನು ಹಿಡಿದು ಹೋಗಿ ಕೂತು ಕೇಳಿ: "ನವೆಂಬರ್ ಸೀಜನ್ನಲ್ಲಿ ಲಾರಿಗಳು ನಿಂತಿರುವಾಗ ಒಂದು ಬೆಳಿಗ್ಗೆ ಬಿಲ್ಲಿಂಗ್ ಮಷೀನ್ ತೆರೀಲಿಲ್ಲ ಅಂದ್ರೆ ಎಷ್ಟು ದಿನ ತಳ್ಳಬಹುದು?" ತೂಕದ ಚೀಟಿ ಸಿಗಲ್ಲ, ಇ-ವೇ ಬಿಲ್ ಆಗಲ್ಲ, ಯಾವ ರೈತರಿಗೆ ಎಷ್ಟು ಬಾಕಿ ಅಂತ ಗೊತ್ತಾಗಲ್ಲ. ಈ ಲೆಕ್ಕ ನಿಮಗಿಂತ ಅವರಿಗೆ ಚೆನ್ನಾಗಿ ಗೊತ್ತು, ಅವರೇ ಹಾಕಲಿ. ನೀವು ಹೇಳಿದ ನಷ್ಟವನ್ನು ಅವರು ಅನುಮಾನದಿಂದ ನೋಡುತ್ತಾರೆ, ತಾವೇ ಬರೆದ ಅಂಕಿಯನ್ನು ನಂಬುತ್ತಾರೆ. ಎಷ್ಟು ದಿನ ಎಳೆಯಬಹುದು ಅಂತ ಕೇಳಿದರೆ ದೆಹಲಿಯ ಏಮ್ಸ್ ಉದಾಹರಣೆ ಕೊಡಿ. 2022ರ ನವೆಂಬರ್ 23ರಂದು ಅಲ್ಲಿನ ಸರ್ವರ್‌ಗಳಿಗೆ ರ‍್ಯಾನ್ಸಮ್‌ವೇರ್ ಬಡಿಯಿತು, ಸುಮಾರು ಎರಡು ವಾರ ಬಹುಪಾಲು ಕೆಲಸ ಕೈಬರಹದಲ್ಲೇ ನಡೆಯಿತು.

ಆಮೇಲೆ ಒಂದೇ ಒಂದು ನಿರ್ಧಾರ ಕೇಳಿ, ಅದರ ಖರ್ಚು ಎಷ್ಟು, ಯಾವಾಗ ಆಗಬೇಕು ಅಂತ ಸೇರಿಸಿ. ನಾನಾಗಿದ್ದರೆ ಬ್ಯಾಕಪ್‌ನಿಂದ ಶುರು ಮಾಡುತ್ತಿದ್ದೆ. ಬ್ಯಾಕಪ್ ಡಿಸ್ಕ್ ಸದಾ ಸರ್ವರ್‌ಗೆ ಸಿಕ್ಕಿಸಿಯೇ ಇದ್ದರೆ ಅದಕ್ಕೂ ಬೀಗ ಬೀಳುತ್ತದೆ. ಎರಡು ಡಿಸ್ಕ್ ಇಟ್ಟು ಅದಲು ಬದಲು ಮಾಡಿ, ಒಂದು ಯಾವಾಗಲೂ ಬೇರೆ ಕಟ್ಟಡದಲ್ಲಿರಲಿ. ತಿಂಗಳಿಗೊಮ್ಮೆ ಅದರಿಂದ ಡೇಟಾ ನಿಜವಾಗಿಯೂ ವಾಪಸ್ ಬರುತ್ತಾ ಅಂತ ನೋಡಿ. ಬಿಲ್ಲಿಂಗ್ ಮಷೀನ್ ಇನ್ನೂ ವಿಂಡೋಸ್ 10ರಲ್ಲೇ ಇದ್ದರೆ ಅದು ಮುಂದಿನ ಮಾತು. ಅದಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿದೆ.

ಡೀಪ್‌ಫೇಕ್, ಅಂದರೆ ಕಂಪ್ಯೂಟರ್‌ನಲ್ಲಿ ಹುಟ್ಟಿಸಿದ ನಕಲಿ ಮುಖ, ನಕಲಿ ಧ್ವನಿ. ಅದರ ವಿಷಯ ಬೇರೆ. ಅದಕ್ಕೆ ದುಡ್ಡಿಗಿಂತ ಸಾಹುಕಾರರ ಮನಸ್ಸು ಬೇಕು. 2024ರ ಆರಂಭದಲ್ಲಿ ಹಾಂಗ್‌ಕಾಂಗ್‌ನಲ್ಲಿ ಅರೂಪ್ ಎಂಬ ಎಂಜಿನಿಯರಿಂಗ್ ಕಂಪನಿಗೆ ಆದದ್ದು ಹೊರಗೆ ಬಂತು. ಅಲ್ಲಿನ ನೌಕರರೊಬ್ಬರಿಗೆ ವಿಡಿಯೋ ಕಾಲ್‌ನಲ್ಲಿ ಹಣಕಾಸು ಮುಖ್ಯಸ್ಥರು ಕಾಣಿಸಿಕೊಂಡರು, ಸಹೋದ್ಯೋಗಿಗಳೂ ಇದ್ದರು, ಆದರೆ ಆ ಮುಖಗಳೆಲ್ಲ ಸುಳ್ಳು. ಹೋದ ದುಡ್ಡು ಸುಮಾರು 20 ಕೋಟಿ ಹಾಂಗ್‌ಕಾಂಗ್ ಡಾಲರ್. ನಮ್ಮ ಕಡೆಯ ವ್ಯಾಪಾರವಂತೂ ಮಾತಿನ ಮೇಲೇ ನಡೆಯುತ್ತದೆ ಅಲ್ವಾ? ಸಾಹುಕಾರರು ಊರಿಂದಾಚೆ ಇದ್ದಾಗ ಫೋನ್ ಮಾಡಿ "ಈ ಅಕೌಂಟಿಗೆ ಆರ್‌ಟಿಜಿಎಸ್ ಹಾಕು" ಅಂದರೆ ಲೆಕ್ಕ ಬರೆಯುವವರು ಮರುಮಾತಾಡದೆ ಹಾಕುತ್ತಾರೆ. ಈಗ ಆ ಧ್ವನಿಯನ್ನೇ ನಕಲು ಮಾಡಬಹುದು.

ಹಾಗಾಗಿ ಅವರನ್ನು ನೇರವಾಗಿ ಕೇಳಿ: ಹೊಸ ಅಕೌಂಟ್ ನಂಬರ್ ಬಂದರೆ, ಇಲ್ಲಾ ಹಳೆಯ ಪಾರ್ಟಿಯ ನಂಬರ್ ಬದಲಾದರೆ, ಕಾಲ್ ಕಟ್ ಮಾಡಿ ನಮ್ಮ ಪುಸ್ತಕದಲ್ಲಿರುವ ನಂಬರ್‌ಗೆ ನಾವೇ ತಿರುಗಿ ಫೋನ್ ಮಾಡುತ್ತೇವೆ, ನಿಮ್ಮದೇ ಧ್ವನಿ ಕೇಳಿಸಿದರೂ ಮಾಡುತ್ತೇವೆ, ಆಗ ನೀವು ಬೈಯಬಾರದು. ಈ ಮಾತನ್ನು ಅವರೇ ಎಲ್ಲರ ಮುಂದೆ ಹೇಳಬೇಕು. ನೀವು ಹೇಳಿದರೆ ಯಾರೂ ಧೈರ್ಯ ಮಾಡಲ್ಲ. "ಸಾಹುಕಾರರು ಸಿಟ್ಟಾಗ್ತಾರೆ" ಅನ್ನುವ ಹೆದರಿಕೆಯನ್ನೇ ನಂಬಿಕೊಂಡು ಕಳ್ಳ ಫೋನ್ ಮಾಡುತ್ತಾನೆ. ಈ ಒಂದು ಒಪ್ಪಿಗೆ ಪಡೆದು ಬಂದರೂ ನೀವು ದೊಡ್ಡ ಕೆಲಸ ಮಾಡಿದ ಹಾಗೆ.

ಪ್ರಶ್ನೆ: ನಮ್ಮದು ಸಣ್ಣ ಸಹಕಾರಿ ಬ್ಯಾಂಕು. ಆಡಳಿತ ಮಂಡಳಿ ಸಭೆಯಲ್ಲಿ ನಿರ್ದೇಶಕರು "ನಮ್ಮ ಸಿಸ್ಟಂ ನೂರಕ್ಕೆ ನೂರು ಸೇಫಾ?" ಅಂತ ಕೇಳುತ್ತಾರೆ. ಹೌದು ಅಂದರೆ ಸುಳ್ಳಾಗುತ್ತೆ, ಇಲ್ಲ ಅಂದರೆ ನನ್ನನ್ನೇ ಗುರಿ ಮಾಡುತ್ತಾರೆ. ಏನು ಹೇಳಲಿ?
ಓದುಗರು, ಚಿತ್ರದುರ್ಗ

ಉತ್ತರ: ಇಲ್ಲ ಅಂತಲೇ ಹೇಳಿ. ಆದರೆ ಅಲ್ಲಿಗೇ ನಿಲ್ಲಿಸಬೇಡಿ. ಯಾವ ಬಾಗಿಲು ಭದ್ರವಾಗಿದೆ, ಯಾವುದು ತೆರೆದಿದೆ, ಅದನ್ನು ಮುಚ್ಚಲು ಮಂಡಳಿಯಿಂದ ಏನು ಬೇಕು ಅಂತ ಅದೇ ಉಸಿರಲ್ಲಿ ಹೇಳಿ, ನಡಾವಳಿಯಲ್ಲಿ ಬರೆಸಿ. ಮುಂದೆ ಏನಾದರೂ ಆದರೆ ನಿಮ್ಮನ್ನು ಕಾಯುವುದು ಆ ಬರಹ.

ಹೊಸ ಅಪಾಯ ಅಂದಾಗ ನಿರ್ದೇಶಕರು ಹೊರಗಿನ ಹ್ಯಾಕರ್ ಬಗ್ಗೆ ಯೋಚಿಸುತ್ತಾರೆ, ನಾವು ನಂಬಿರುವ ಸಾಫ್ಟ್‌ವೇರ್ ಕಂಪನಿಯ ಬಗ್ಗೆ ಯೋಚಿಸಲ್ಲ. 2024ರ ಜುಲೈ ಕೊನೆಯಲ್ಲಿ ಸಣ್ಣ ಬ್ಯಾಂಕುಗಳಿಗೆ ಸಾಫ್ಟ್‌ವೇರ್ ಸೇವೆ ಕೊಡುವ ಸಿ-ಎಡ್ಜ್ ಎಂಬ ಕಂಪನಿಗೆ ರ‍್ಯಾನ್ಸಮ್‌ವೇರ್ ತಗುಲಿತು. ಅದು ಹರಡಬಾರದು ಅಂತ, ಯುಪಿಐ ನಡೆಸುವ ಎನ್‌ಪಿಸಿಐ ಸಂಸ್ಥೆ ಆ ಕಂಪನಿಯ ಸಂಪರ್ಕ ಕತ್ತರಿಸಿತು. ಆ ಕಂಪನಿಯನ್ನೇ ನೆಚ್ಚಿಕೊಂಡಿದ್ದ ಸುಮಾರು 300 ಸಣ್ಣ ಬ್ಯಾಂಕುಗಳ ಗ್ರಾಹಕರಿಗೆ ಯುಪಿಐ ಇಲ್ಲ, ಎಟಿಎಂ ಇಲ್ಲ. ಹಾಗಾಗಿ ಮಂಡಳಿಗೆ ಕೇಳಬೇಕಾದ್ದು ಇದು: ನಮ್ಮ ಸಾಫ್ಟ್‌ವೇರ್ ಕೊಟ್ಟವರು ಬಿದ್ದರೆ ಮಾರನೇ ದಿನ ಕೌಂಟರ್ ಹೇಗೆ ನಡೆಸುತ್ತೇವೆ?

ಪುಣೆಯ ಕಾಸ್ಮೋಸ್ ಬ್ಯಾಂಕಿನಿಂದ 2018ರ ಆಗಸ್ಟ್‌ನಲ್ಲಿ ಸುಮಾರು 94 ಕೋಟಿ ರೂಪಾಯಿ ಹ್ಯಾಕರ್‌ಗಳ ಪಾಲಾಯಿತು. ಅದೂ ಸಹಕಾರಿ ಬ್ಯಾಂಕೇ. ಶುರುವಾದದ್ದು ಶನಿವಾರ. ನಿಮ್ಮಲ್ಲಿ ಶನಿವಾರ ಸಂಜೆ ಫೋನ್ ಎತ್ತುವವರು ಯಾರು ಅಂತ ಅದೇ ಸಭೆಯಲ್ಲಿ ತೀರ್ಮಾನ ಆಗಲಿ. ಗ್ರಾಹಕರ ಆಧಾರ್, ಫೋನ್ ನಂಬರ್ ನಿಮ್ಮಲ್ಲಿವೆ ಅನ್ನುವುದನ್ನೂ ನೆನಪಿಸಿ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯಲ್ಲಿ, ಸರಿಯಾದ ಭದ್ರತೆ ಇಡದವರಿಗೆ 250 ಕೋಟಿ ರೂಪಾಯಿವರೆಗೆ ದಂಡಕ್ಕೆ ಅವಕಾಶವಿದೆ. ಇದನ್ನು ಒಂದು ಸಲ ಹೇಳಿದರೆ ಸಾಕು. ಪ್ರತಿ ಸಭೆಯಲ್ಲೂ ಹೆದರಿಸಿದರೆ ಕೇಳುವುದನ್ನೇ ಬಿಡುತ್ತಾರೆ.

ಪ್ರಶ್ನೆ: ಏನೋ ಎಡವಟ್ಟಾಗಿದೆ ಅಂತ ಅನುಮಾನ ಬಂದಾಗ, ಖಚಿತವಾದ ಮೇಲೆ ಮಾಲೀಕರಿಗೆ ಹೇಳಬೇಕಾ, ಮೊದಲೇ ಹೇಳಬೇಕಾ?
ಓದುಗರು, ಹರಿಹರ

ಉತ್ತರ: ಮೊದಲೇ, ರಾತ್ರಿ ಎರಡು ಗಂಟೆಯಾದರೂ ಸರಿ. ಏನು ಕಂಡಿತು, ಏನು ಇನ್ನೂ ಗೊತ್ತಿಲ್ಲ, ಮತ್ತೆ ಎಷ್ಟು ಹೊತ್ತಿಗೆ ಫೋನ್ ಮಾಡುತ್ತೀರಿ, ಇಷ್ಟು ಹೇಳಿ ಇಡಿ. ದುಡ್ಡು ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಬೇರೆ ಅಕೌಂಟಿಗೆ ದಾಟುವ ಮೊದಲು ತಡೆಯಲು ಸಾಧ್ಯ, ತಡವಾದಷ್ಟೂ ಕಷ್ಟ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ ಕಂಪನಿಗಳು ಇಂಥ ದಾಳಿ ಗಮನಕ್ಕೆ ಬಂದ 6 ಗಂಟೆಯೊಳಗೆ ಅದಕ್ಕೆ ವರದಿ ಮಾಡಬೇಕು. ಖಚಿತವಾಗಲಿ ಅಂತ ಕೂತರೆ ಆ ಹೊತ್ತು ಸುಮ್ನೆ ಕಳೆದುಹೋಗುತ್ತದೆ. ಫೋನ್ ಮಾಡುವ ಮುಂಚೆ ಆ ಮಷೀನ್‌ನ ನೆಟ್‌ವರ್ಕ್ ಕೇಬಲ್ ಕಿತ್ತುಬಿಡಿ, ವೈಫೈ ಇದ್ದರೆ ಅದನ್ನೂ ತೆಗೆಯಿರಿ. ಮಷೀನ್ ಮಾತ್ರ ಆಫ್ ಮಾಡಬೇಡಿ, ತನಿಖೆ ಮಾಡುವವರಿಗೆ ಬೇಕಾದ ಗುರುತುಗಳು ಅದರ ಮೆಮೊರಿಯಲ್ಲಿರುತ್ತವೆ.