ಗ್ರೂಪ್ ಬ್ರೇಕ್‌ನಲ್ಲಿ ಒಂದು ತಂಡದ ಪಾಲು ಕೊಳ್ಳುವುದು ಸರಿಯೇ?

ಮುಚ್ಚಿದ ಪ್ಯಾಕುಗಳಲ್ಲಿ ಬರುವ ಬೇಸ್‌ಬಾಲ್ ಆಟಗಾರರ ಕಾರ್ಡುಗಳ ಪೂರ್ತಿ ಪೆಟ್ಟಿಗೆ ಕೊಳ್ಳುವ ಬದಲು ಗ್ರೂಪ್ ಬ್ರೇಕ್‌ನಲ್ಲಿ, ಅಂದರೆ ಹಲವರು ಹಣ ಸೇರಿಸಿ ಪೆಟ್ಟಿಗೆ ಒಡೆಸುವಲ್ಲಿ, ಪಾಲು ತೆಗೆದುಕೊಂಡರೆ ಲಾಭವಾಗುತ್ತದೆಯೇ, ಹೊಸಬರು ಏನನ್ನು ಗಮನಿಸಬೇಕು ಎಂದು ನೀವು ಕೇಳಿದ್ದೀರಿ. ನಾನು ಪಿಟ್ಸ್‌ಬರ್ಗ್‌ನಲ್ಲಿ ನೆಲೆಸಿರುವ ಕನ್ನಡಿಗ. ಇಲ್ಲಿನ ಪೈರೇಟ್ಸ್ ತಂಡದ ಕಾರ್ಡುಗಳನ್ನು ಮಾತ್ರ ಕೂಡಿಡುತ್ತೇನೆ, ಅವುಗಳಲ್ಲಿ ಹೆಚ್ಚಿನವು ಇಂಥ ಬ್ರೇಕ್‌ಗಳಿಂದಲೇ ಬಂದವು. ಒಂದೇ ತಂಡವನ್ನು ನೆಚ್ಚಿಕೊಂಡವರಿಗೆ ಇದು ಒಳ್ಳೆಯ ದಾರಿ. ಕಾರ್ಡು ಮಾರಿ ಹಣ ಮಾಡಬೇಕೆನ್ನುವವರಿಗೆ ಖಂಡಿತ ಅಲ್ಲ.

ನೀವು ಹಳೇ ಮೈಸೂರಿನ ಕಡೆಯವರಾದರೆ, ಯುಗಾದಿಯ ಮರುದಿನ ವರ್ಷತೊಡಕಿಗೆ ಹತ್ತಾರು ಮನೆಯವರು ಹಣ ಸೇರಿಸಿ ಕುರಿ ಕೊಯ್ಸಿ, ಮಾಂಸವನ್ನು ಗುಡ್ಡೆ ಹಾಕಿ ಹಂಚಿಕೊಳ್ಳುವುದನ್ನು ನೋಡಿರುತ್ತೀರಿ. ಬ್ರೇಕ್‌ನ ಮೊದಲರ್ಧ ಹೆಚ್ಚುಕಡಿಮೆ ಹಾಗೆಯೇ ಇದೆ: ಒಬ್ಬರಿಂದ ಕೊಳ್ಳಲಾಗದ ದುಬಾರಿ ಪೆಟ್ಟಿಗೆಗೆ ಹಲವರು ಹಣ ಹಾಕುತ್ತಾರೆ, ಬ್ರೇಕ್ ನಡೆಸುವ ವ್ಯಾಪಾರಿ, ಅಂದರೆ ಬ್ರೇಕರ್, ಅದನ್ನು ಕ್ಯಾಮೆರಾದ ಮುಂದೆ ನೇರ ಪ್ರಸಾರದಲ್ಲಿ ತೆರೆದು ಅವರವರ ಕಾರ್ಡುಗಳನ್ನು ಅಂಚೆಯಲ್ಲಿ ಕಳಿಸುತ್ತಾನೆ. ಬೇರೆಯಾಗುವುದು ಹಂಚಿಕೆಯಲ್ಲಿ. ಊರಿನಲ್ಲಿ ಪ್ರತಿ ಗುಡ್ಡೆಗೂ ಮೂಳೆ, ಮಾಂಸ ಎಲ್ಲವೂ ಸಮನಾಗಿ ಬೀಳುವಂತೆ ನೋಡಿಕೊಳ್ಳುತ್ತಾರೆ. ಇಲ್ಲಿ ಬೇಸ್‌ಬಾಲಿನ ಅಗ್ರ ಲೀಗಾದ ಮೇಜರ್ ಲೀಗಿನ 30 ತಂಡಗಳಲ್ಲಿ ನೀವು ಯಾವುದನ್ನು ಕೊಂಡಿದ್ದೀರೋ ಆ ತಂಡದ ಹೆಸರು ಅಚ್ಚಾಗಿರುವ ಕಾರ್ಡುಗಳಷ್ಟೇ ನಿಮ್ಮವು. ಆಟಗಾರ ಈಗ ಬೇರೆ ತಂಡಕ್ಕೆ ಹೋಗಿದ್ದರೂ ಕಾರ್ಡಿನ ಮೇಲಿರುವ ಹೆಸರೇ ಲೆಕ್ಕಕ್ಕೆ ಬರುತ್ತದೆ. ಯಾಂಕೀಸ್ ಅಥವಾ ಡಾಡ್ಜರ್ಸ್‌ನಂಥ ತಂಡಗಳ ಪಾಲು ದುಬಾರಿಯಾಗಿಯೂ ಬೇಡಿಕೆ ಕಡಿಮೆಯಿರುವ ತಂಡಗಳದ್ದು ಅಗ್ಗವಾಗಿಯೂ ಇರುತ್ತದೆ.

ಲಾಭದ ಪ್ರಶ್ನೆಗೆ ಉತ್ತರ ಕೂಡಿಸುವ ಲೆಕ್ಕದಲ್ಲಿದೆ. 30 ಪಾಲುಗಳ ಬೆಲೆಯನ್ನೆಲ್ಲ ಕೂಡಿಸಿ ನೋಡಿ. ಅದು ಸಾಮಾನ್ಯವಾಗಿ ಪೆಟ್ಟಿಗೆಯ ಮಾರುಕಟ್ಟೆ ಬೆಲೆಗಿಂತ ಹೆಚ್ಚೇ ಇರುತ್ತದೆ. ಬ್ರೇಕರ್‌ನ ದುಡಿಮೆ, ಅಂಚೆ, ಮಾರಾಟ ತಾಣದ ಶುಲ್ಕ ಇವೆಲ್ಲ ಅದರಿಂದಲೇ ಬರಬೇಕಾದ್ದರಿಂದ ಇದರಲ್ಲಿ ಮೋಸವೇನೂ ಇಲ್ಲ, ಆದರೆ ಸೇರಿದವರೆಲ್ಲರೂ ಒಟ್ಟಾರೆ ಕೊಟ್ಟದ್ದಕ್ಕಿಂತ ಕಡಿಮೆಯನ್ನೇ ಪಡೆಯುತ್ತಾರೆ ಎಂಬುದು ಮಾತ್ರ ನಿಜ. ಒಬ್ಬರಿಗೆ ಸಿಕ್ಕ ದೊಡ್ಡ ಕಾರ್ಡಿನ ಸುದ್ದಿ ಎಲ್ಲೆಡೆ ಹಬ್ಬುತ್ತದೆ, ಬರಿಗೈಯಾದವರ ಸುದ್ದಿ ಹಬ್ಬುವುದಿಲ್ಲ.

ಬೆಲೆ ಹೇಗೆ ಏರಿಳಿಯುತ್ತದೆ ಎಂಬುದಕ್ಕೆ ನನ್ನ ತಂಡವೇ ಉದಾಹರಣೆ. ಪೈರೇಟ್ಸ್ ಪಾಲು ಬಹಳ ಕಾಲ ಅಗ್ಗವಾಗಿಯೇ ನನಗೆ ಸಿಗುತ್ತಿತ್ತು. 2024ರ ಮೇ ತಿಂಗಳಲ್ಲಿ ನಮ್ಮ ತಂಡದ ಪಿಚರ್ ಪಾಲ್ ಸ್ಕೀನ್ಸ್ ಮೇಜರ್ ಲೀಗಿನಲ್ಲಿ ತನ್ನ ಮೊದಲ ಪಂದ್ಯವಾಡಿದ. ಆ ದಿನ ಅವನ ಅಂಗಿಯ ಮೇಲಿದ್ದ ಬಟ್ಟೆಯ ಪ್ಯಾಚನ್ನು ಸೇರಿಸಿ ಕಾರ್ಡು ತಯಾರಿಸುವ ಟಾಪ್ಸ್ ಕಂಪನಿ ಜಗತ್ತಿಗೆಲ್ಲ ಒಂದೇ ಒಂದು ಸಹಿ ಕಾರ್ಡು ಮಾಡಿ, ಆ ವರ್ಷದ ಕ್ರೋಮ್ ಅಪ್‌ಡೇಟ್ ಎಂಬ ಸರಣಿಯ ಪೆಟ್ಟಿಗೆಗಳಲ್ಲಿ ಎಲ್ಲೋ ಹಾಕಿತು. ಆಗ ಪೈರೇಟ್ಸ್ ಪಾಲಿನ ಬೆಲೆ ನಾನು ಕೊಳ್ಳಲಾರದಷ್ಟು ಏರಿತು. ಕೊನೆಗೆ ಆ ಕಾರ್ಡು ಲಾಸ್ ಏಂಜಲೀಸ್ ಕಡೆಯ 11 ವರ್ಷದ ಹುಡುಗನೊಬ್ಬನಿಗೆ ಸಿಕ್ಕಿ, 2025ರ ಮಾರ್ಚ್‌ನಲ್ಲಿ 11 ಲಕ್ಷ ಡಾಲರಿಗೂ ಹೆಚ್ಚು ಬೆಲೆಗೆ ಹರಾಜಾಯಿತು. ಅದು ಸಿಕ್ಕಿದ ಸುದ್ದಿ ಹೊರಬಿದ್ದ ಮೇಲೆಯೇ ನಾನು ಅದೇ ಪೆಟ್ಟಿಗೆಗಳ ಪಾಲನ್ನು ಕೊಂಡೆ. ಸ್ಕೀನ್ಸ್‌ನ ಸಾಮಾನ್ಯ ರೂಕಿ (ಮೊದಲ ವರ್ಷದ) ಕಾರ್ಡುಗಳು ಅದರಲ್ಲಿ ಬಂದವು, ನನಗೆ ಬೇಕಾಗಿದ್ದವೂ ಅವೇ.

ಆದ್ದರಿಂದ ಪಾಲು ಕೊಳ್ಳುವ ಮುನ್ನ ಕಂಪನಿ ಪ್ರಕಟಿಸುವ ಚೆಕ್‌ಲಿಸ್ಟನ್ನು, ಅಂದರೆ ಆ ಸರಣಿಯ ಎಲ್ಲ ಕಾರ್ಡುಗಳ ಪಟ್ಟಿಯನ್ನು, ತೆರೆದು ನಿಮ್ಮ ತಂಡದ ಕಾರ್ಡುಗಳೆಷ್ಟು, ಸಹಿ ಹಾಕಿದವರು ಯಾರು ಎಂದು ಕುಳಿತು ಎಣಿಸಿ. ಟಾಪ್ಸ್‌ನದೇ ಬೌಮನ್ ಸರಣಿಯ ಪೆಟ್ಟಿಗೆಯಾದರೆ ಇನ್ನೂ ಮೇಜರ್ ಲೀಗ್ ಮುಟ್ಟದ ಹುಡುಗರೇ ಅದರ ಜೀವಾಳ. ಅಲ್ಲಿ ಮುಖ್ಯ ತಂಡದ ಹೆಸರಿಗಿಂತ ಅದರ ಕೆಳಗಿನ ಲೀಗುಗಳಲ್ಲಿ ಯಾರು ಬೆಳೆಯುತ್ತಿದ್ದಾರೆ ಎಂಬುದೇ ಮುಖ್ಯ. ಎಣಿಕೆಯಲ್ಲಿ ಒಂದೇ ಸಹಿ ಕಾಣಿಸಿದರೆ ನಾನು ಆ ಬ್ರೇಕನ್ನು ಬಿಟ್ಟುಬಿಡುತ್ತೇನೆ.

ತಂಡವನ್ನು ನೀವೇ ಆರಿಸಿಕೊಳ್ಳುವ ಬ್ರೇಕ್‌ಗೆ ಮಾತ್ರ ಸೇರಿ. ರ್‍ಯಾಂಡಮ್ ಬ್ರೇಕ್‌ನಲ್ಲಿ ಎಲ್ಲರೂ ಒಂದೇ ಬೆಲೆ ಕೊಡುತ್ತಾರೆ, ಪಟ್ಟಿಯನ್ನು ಕಲಸಿದ ಮೇಲೆ ಯಾರಿಗೆ ಯಾವ ತಂಡವೆಂದು ತಿಳಿಯುತ್ತದೆ. ನನ್ನ ಮೊದಲ ಬ್ರೇಕ್ ಅಂಥದ್ದೇ ಆಗಿತ್ತು; ನಾನು ಎಂದೂ ಹಿಂಬಾಲಿಸದ ತಂಡವೊಂದು ಬಂದು, ಸಹಿಯಾಗಲಿ ಇಷ್ಟೇ ಪ್ರತಿಗಳೆಂದು ಸಂಖ್ಯೆ ಹಾಕಿದ ಕಾರ್ಡಾಗಲಿ ಒಂದೂ ಬರಲಿಲ್ಲ.

ಹಣ ಕೊಡುವ ಮೊದಲೇ ಬ್ರೇಕರ್‌ನ ನಿಯಮಗಳನ್ನು ಓದಿ. ಬೇಸ್ ಎನ್ನುವ ಸಾಮಾನ್ಯ ಕಾರ್ಡುಗಳನ್ನೂ ಕಳಿಸುತ್ತಾನೋ ಅಥವಾ ಹಿಟ್‌ಗಳನ್ನು, ಅಂದರೆ ಸಹಿಯಂಥ ಅಪರೂಪದ ಕಾರ್ಡುಗಳನ್ನು, ಮಾತ್ರವೋ, ಎರಡು ತಂಡದವರಿರುವ ಕಾರ್ಡು ಬಂದರೆ ಯಾರಿಗೆ ಸೇರುತ್ತದೆ, ರಿಡೆಂಪ್ಷನ್ ಕಾರ್ಡಿನ (ಕಂಪನಿಯಿಂದ ನಿಜವಾದ ಕಾರ್ಡನ್ನು ಆಮೇಲೆ ತರಿಸಿಕೊಳ್ಳುವ ಚೀಟಿಯ) ಸಂಕೇತವನ್ನು ಹೇಗೆ ತಲುಪಿಸುತ್ತಾನೆ ಎಂಬುದೆಲ್ಲ ಅಲ್ಲಿ ಬರೆದಿರಬೇಕು. ಕಾರ್ಖಾನೆಯ ಪ್ಲಾಸ್ಟಿಕ್ ಹೊದಿಕೆಯನ್ನು ಕತ್ತರಿಸುವುದರಿಂದ ಹಿಡಿದು ಕೊನೆಯ ಪ್ಯಾಕಿನವರೆಗೆ ಅವನ ಎರಡೂ ಕೈಗಳು ಪರದೆಯ ಮೇಲೆ ಕಾಣುತ್ತಿರಬೇಕು. ಒಬ್ಬ ಬ್ರೇಕರ್ ನನ್ನ ಸಹಿ ಕಾರ್ಡನ್ನು ಟಾಪ್‌ಲೋಡರ್ ಎಂಬ ಗಟ್ಟಿ ಪ್ಲಾಸ್ಟಿಕ್ ಕವಚ ಇಲ್ಲದೆ ತೆಳು ಲಕೋಟೆಯಲ್ಲಿ ಕಳಿಸಿದ್ದರಿಂದ ಅದರ ಮೂಲೆ ಮಡಚಿಹೋಗಿತ್ತು. ಅಂದಿನಿಂದ ಪ್ಯಾಕಿಂಗ್ ಹೇಗೆಂದು ಮೊದಲೇ ಕೇಳುತ್ತೇನೆ.

ನಿಮಗೆ ಬೇಕಾಗಿರುವುದು ಒಂದು ನಿರ್ದಿಷ್ಟ ಕಾರ್ಡಾದರೆ ಬ್ರೇಕ್ ಬೇಡ, ಬಿಡಿಯಾಗಿ ಕೊಂಡುಬಿಡಿ. ನನ್ನಲ್ಲಿರುವ, ಪೈರೇಟ್ಸ್‌ನ ಹಿಂದಿನ ಕಾಲದ ಆಟಗಾರ ರೊಬೆರ್ಟೊ ಕ್ಲೆಮೆಂಟೆಯ ಹಳೆಯ ಕಾರ್ಡು ಬಂದದ್ದು ಹಾಗೆಯೇ.

ಮೊದಲ ಸಲಕ್ಕೆ ಟಾಪ್ಸ್ ಸೀರೀಸ್ ಒನ್ ಎಂಬ ಸರಣಿ ಸಾಕು. ಅದರ ಹಾಬಿ ಪೆಟ್ಟಿಗೆಗಳು (ಕಾರ್ಡು ಅಂಗಡಿಗಳಿಗೆಂದು ಮಾಡಿದವು) 12 ಸೇರಿ ಒಂದು ಕೇಸ್. ಪೂರ್ತಿ ಕೇಸ್ ಒಡೆದು ಬೇಸ್ ಕಾರ್ಡುಗಳನ್ನೂ ಕಳಿಸುವ ಬ್ರೇಕ್‌ನಲ್ಲಿ ಸೇರಿದರೆ ಹಿಟ್ ಬರಲಿ ಬಿಡಲಿ, ನಿಮ್ಮ ತಂಡದ ಆ ವರ್ಷದ ಬೇಸ್ ಸೆಟ್ ಪೂರ್ಣವಾಗುವ ಸಂಭವ ತುಂಬಾ ಹೆಚ್ಚು. ನಿಮ್ಮ ತಂಡ ಯಾವುದೆಂದು ನೀವು ಬರೆದಿಲ್ಲ. ತಿಳಿಸಿದರೆ ಚೆಕ್‌ಲಿಸ್ಟ್ ನೋಡಿ, ಅದರ ಪಾಲಿಗೆ ಎಷ್ಟು ಕೊಡಬಹುದೆಂದು ಹೇಳುತ್ತೇನೆ.