ಹತ್ತನೇ ವಾರದ ರಕ್ತಪರೀಕ್ಷೆ ನೋಡಿ ಬಸುರಿಯ ಸಕ್ಕರೆ ಕಾಯಿಲೆಯನ್ನು ಮೊದಲೇ ಹೇಳಬಹುದೇ?

ನಿಮಗೀಗ ಒಂಬತ್ತು ವಾರ, ತಾಯಿಗೆ ಡಯಾಬಿಟಿಸ್ ಇದೆ, ಅಡಿಪೊನೆಕ್ಟಿನ್ (ಕೊಬ್ಬಿನ ಕೋಶಗಳು ಸ್ರವಿಸುವ ಹಾರ್ಮೋನು) ಮೊದಲಾದವು ಸೇರಿದ ದುಬಾರಿ ಪರೀಕ್ಷೆ ಮಾಡಿಸಲೇ ಎಂದು ಕೇಳಿದ್ದೀರಿ. ನಾನು ಲ್ಯಾಬಿನಲ್ಲಿ ಬಯೋಕೆಮಿಸ್ಟ್, ಇಂಥ ರಿಪೋರ್ಟುಗಳಿಗೆ ಸಹಿ ಹಾಕುವುದೇ ನನ್ನ ಕೆಲಸ. ಆದರೂ ಹೇಳುತ್ತೇನೆ, ಆ ದುಡ್ಡು ಉಳಿಸಿ. ಫಾಸ್ಟಿಂಗ್ ಶುಗರ್ (ಬರಿ ಹೊಟ್ಟೆಯ ಸಕ್ಕರೆ) ಮತ್ತು ಎಚ್‌ಬಿಎ1ಸಿ (ಕಳೆದ ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಪರೀಕ್ಷೆ), ಇವೆರಡನ್ನು ಮಾತ್ರ ವೈದ್ಯರನ್ನು ಕೇಳಿ ಈಗಲೇ ಮಾಡಿಸಿ.

ಯಾಕೆಂದರೆ ಈ ಹಂತದಲ್ಲಿ ತಪ್ಪಿಹೋಗಬಾರದ್ದು ಒಂದೇ: ಗರ್ಭ ನಿಲ್ಲುವ ಮೊದಲೇ ಇದ್ದು, ಗೊತ್ತಾಗದೇ ಉಳಿದ ಡಯಾಬಿಟಿಸ್. ಫಾಸ್ಟಿಂಗ್ 126 (ಮಿಗ್ರಾಂ/ಡೆಸಿಲೀಟರ್) ಅಥವಾ ಎಚ್‌ಬಿಎ1ಸಿ ಶೇಕಡ 6.5 ಮುಟ್ಟಿದ್ದರೆ ಇಲ್ಲವೇ ದಾಟಿದ್ದರೆ ಅದೇ ಎಂದು ಲೆಕ್ಕ. ಮಗುವಿನ ಅಂಗಾಂಗಗಳು ರೂಪುಗೊಳ್ಳುವುದು ಮೊದಲ ವಾರಗಳಲ್ಲೇ, ಹಾಗಾಗಿ ಅದಕ್ಕೆ ಒಂದು ದಿನವೂ ಕಾಯುವಂತಿಲ್ಲ. ಬಸುರಿಯಲ್ಲಿ ಹೊಸದಾಗಿ ಬರುವ ಸಕ್ಕರೆಯ ಕಥೆ ಬೇರೆ. ಮಾಸು ಬೆಳೆದಂತೆ ಅದರ ಹಾರ್ಮೋನುಗಳು ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡಗಾಲು ಹಾಕುತ್ತವೆ. ಮೇದೋಜೀರಕ ಗ್ರಂಥಿ ಅದಕ್ಕೆ ತಕ್ಕಷ್ಟು ಹೆಚ್ಚು ಇನ್ಸುಲಿನ್ ಕೊಡಲಾಗದೆ ಸೋತಾಗ ಸಕ್ಕರೆ ಏರುತ್ತದೆ. 75 ಗ್ರಾಂ ಗ್ಲೂಕೋಸ್ ಕುಡಿಸಿ ನೋಡುವುದನ್ನು 24ರಿಂದ 28ನೇ ವಾರಕ್ಕೆ ಇಟ್ಟಿರುವುದು ಇದೇ ಕಾರಣಕ್ಕೆ.

ಹಾಗಾದರೆ ಆ ದುಬಾರಿ ಪರೀಕ್ಷೆಯ ಬಯೋಮಾರ್ಕರುಗಳು (ಕಾಯಿಲೆಯ ಸುಳಿವು ಕೊಡುವ ರಕ್ತದ ಅಂಶಗಳು) ಸುಳ್ಳೇ? ಅಲ್ಲ. ಮುಂದೆ ಸಕ್ಕರೆ ಬರುವವರಲ್ಲಿ ಮೊದಲ ಮೂರು ತಿಂಗಳಲ್ಲೇ ಅಡಿಪೊನೆಕ್ಟಿನ್, ಎಸ್‌ಎಚ್‌ಬಿಜಿ (ಲೈಂಗಿಕ ಹಾರ್ಮೋನುಗಳನ್ನು ಹೊತ್ತೊಯ್ಯುವ ಪ್ರೋಟೀನು) ಸರಾಸರಿ ಕಡಿಮೆ ಇರುತ್ತವೆ, ಸಿಆರ್‌ಪಿ (ಉರಿಯೂತದ ಸೂಚಕ), ಟ್ರೈಗ್ಲಿಸರೈಡ್ (ರಕ್ತದಲ್ಲಿನ ಒಂದು ಬಗೆಯ ಕೊಬ್ಬು) ಹೆಚ್ಚಿರುತ್ತವೆ. ಮಗುವಿನ ಕ್ರೋಮೋಸೋಮ್ ದೋಷದ ಸಾಧ್ಯತೆ ತಿಳಿಯಲು ಮಾಡುವ ಡಬಲ್ ಮಾರ್ಕರ್ ಪರೀಕ್ಷೆಯಲ್ಲಿ ಹೇಗೂ ನೋಡುವ ಪಿಎಪಿಪಿ-ಎ (ಮಾಸಿನಿಂದ ಬರುವ ಪ್ರೋಟೀನು) ಕೂಡ ತುಸು ತಗ್ಗಿರುತ್ತದೆ. ತೊಡಕಿರುವುದು 'ಸರಾಸರಿ' ಎಂಬ ಪದದಲ್ಲಿ. ಎರಡು ಗುಂಪುಗಳ ಅಂಕಿಗಳು ಒಂದರ ಮೇಲೊಂದು ಹರಡಿಕೊಂಡಿರುತ್ತವೆ, ಒಬ್ಬರ ಅಂಕಿ ಹಿಡಿದು ಅವರು ಯಾವ ಗುಂಪು ಎಂದು ಹೇಳಲಾಗದು. ಜೊತೆಗೆ, ಮೈಯಲ್ಲಿ ಕೊಬ್ಬು ಹೆಚ್ಚಿದಂತೆ ಅಡಿಪೊನೆಕ್ಟಿನ್ ಇಳಿಯುತ್ತದೆ. ಅಂದರೆ ತೂಕದ ಯಂತ್ರ ಆಗಲೇ ಹೇಳಿದ್ದನ್ನು ಅದು ಒಂದಿಷ್ಟು ಮಟ್ಟಿಗೆ ಮತ್ತೆ ಹೇಳುತ್ತದೆ, ದುಬಾರಿ ದರದಲ್ಲಿ.

ಸುಮ್ಮನೆ ಒಂದು ಲೆಕ್ಕ ಹಾಕಿ. ನೂರು ಗರ್ಭಿಣಿಯರಲ್ಲಿ 15 ಜನರಿಗೆ ಸಕ್ಕರೆ ಬರಲಿದೆ, ಪರೀಕ್ಷೆ ಬರುವವರಲ್ಲೂ ಬಾರದವರಲ್ಲೂ ಶೇಕಡ 80 ಸರಿ ಹೇಳುತ್ತದೆ ಅನ್ನೋಣ. 15ರಲ್ಲಿ 12 ಮಂದಿಯನ್ನು ಹಿಡಿಯಿತು. ಉಳಿದ 85ರಲ್ಲಿ 17 ಮಂದಿಗೆ ಸುಮ್ಮನೆ ಗಾಬರಿ ಹುಟ್ಟಿಸಿತು. ಮೂವರಿಗೆ 'ಏನೂ ಇಲ್ಲ' ಎಂದು ಬೆನ್ನು ತಟ್ಟಿ ಕಳಿಸಿತು. ನನಗೆ ಭಯ ಈ ಮೂವರ ಬಗ್ಗೆ, ಅವರು 26ನೇ ವಾರದಲ್ಲಿ ಗ್ಲೂಕೋಸ್ ಕುಡಿಯಲು ಬರದೇ ಇದ್ದುಬಿಡಬಹುದು.

ಇನ್ನು ಎಚ್‌ಬಿಎ1ಸಿ. ಮೊದಲ ತಿಂಗಳುಗಳಲ್ಲಿ 5.9 ಅಥವಾ ಹೆಚ್ಚು ಬಂದರೆ ನಾವು ಕಿವಿ ನಿಮಿರಿಸುತ್ತೇವೆ. ಆದರೆ ಕಬ್ಬಿಣದಂಶ ಕಡಿಮೆಯಾಗಿ ರಕ್ತಹೀನತೆ ಇದ್ದರೆ ಈ ಅಂಕಿ ಸುಳ್ಳೇ ಏರಬಹುದು. ಬಸುರಿಯಲ್ಲಿ ಕೆಂಪು ರಕ್ತಕಣಗಳು ಬೇಗ ಬದಲಾಗುವುದರಿಂದ ಇಳಿಯಲೂಬಹುದು. ಹಿಮೋಗ್ಲೋಬಿನ್ ನೋಡದೆ ಅದನ್ನೊಂದೇ ನಂಬಬೇಡಿ.

ಫಾಸ್ಟಿಂಗ್ 92ರಿಂದ 125ರ ನಡುವೆ ಬಂದರೆ ವೈದ್ಯರಲ್ಲೇ ಒಮ್ಮತವಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2013ರ ಮಾನದಂಡದಂತೆ ಯಾವ ವಾರವಾದರೂ ಅದು ಗರ್ಭಾವಸ್ಥೆಯ ಡಯಾಬಿಟಿಸ್. ಆದರೆ ಬಸುರಿಯಲ್ಲಿ ವಾರ ಕಳೆದಂತೆ ಫಾಸ್ಟಿಂಗ್ ತಾನಾಗಿಯೇ ಸ್ವಲ್ಪ ತಗ್ಗುವುದುಂಟು. 2023ರಲ್ಲಿ ಪ್ರಕಟವಾದ ಟೊಬೊಗಮ್ ಎಂಬ ಅಧ್ಯಯನದಲ್ಲಿ, ಅಪಾಯದ ಲಕ್ಷಣಗಳಿದ್ದು 20 ವಾರಕ್ಕೂ ಮೊದಲೇ ಗ್ಲೂಕೋಸ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದವರಿಗೆ ತಕ್ಷಣ ಚಿಕಿತ್ಸೆ ಕೊಟ್ಟಾಗ ನವಜಾತ ಶಿಶುಗಳ ತೊಂದರೆ ಶೇಕಡ 30.5ರಿಂದ 24.9ಕ್ಕೆ ಇಳಿಯಿತು. ಲಾಭ ನಿಜ, ಆದರೆ ಸಾಧಾರಣ. ಚಿಕಿತ್ಸೆ ಮುಂದೂಡಿದವರಲ್ಲಿ ಸುಮಾರು ಮೂರನೇ ಒಂದು ಭಾಗದವರಿಗೆ 24–28ನೇ ವಾರದ ಮರುಪರೀಕ್ಷೆಯಲ್ಲಿ ಸಕ್ಕರೆಯೇ ಇರಲಿಲ್ಲ!

ನಿಮ್ಮ ತಾಯಿಯ ಕಾಯಿಲೆ, ನಿಮ್ಮ ವಯಸ್ಸು, ತೂಕ, ಹಿಂದಿನ ಹೆರಿಗೆ ಇದ್ದರೆ ಅದರ ವಿವರ, ಇವನ್ನು ವೈದ್ಯರಿಗೆ ಬಿಡದೆ ಹೇಳಿ. ಇವು ಕಾಸು ಖರ್ಚಿಲ್ಲದ ಮಾರ್ಕರುಗಳು. ರಿಪೋರ್ಟ್ ಬಂದ ಮೇಲೆ ಇಲ್ಲಿ ಹಾಕುವುದಾದರೆ ಎಷ್ಟನೇ ವಾರ, ಹಿಮೋಗ್ಲೋಬಿನ್ ಎಷ್ಟು ಎಂಬುದನ್ನೂ ಬರೆಯಿರಿ.